ದೇಹದ ತೊಡಕು, ದಿನದ ಕಾಯಕ: ಡಾ. ಅಂಬೇಡ್ಕರ್ ಅವರ ನಡುವಯಸ್ಸು

1

ಮಹನೀಯರ ಜೀವನಚರಿತ್ರೆಗಳನ್ನು ಬರೆಯುವಲ್ಲಿ ನಮ್ಮಲ್ಲೊಂದು ರೂಢಿ ಬೆಳೆದುಬಂದಿದೆ. ಅವರ ವಿದ್ಯೆ, ಹೋರಾಟ, ಗ್ರಂಥಗಳು, ಪದವಿಗಳು ವಿಸ್ತಾರವಾಗಿ ಬರುತ್ತವೆ. ಅವರ ದೇಹ ಮಾತ್ರ ಹುಟ್ಟಿದ ದಿನ ಒಮ್ಮೆ, ಸತ್ತ ದಿನ ಇನ್ನೊಮ್ಮೆ ಕಾಣಿಸಿಕೊಂಡು ನಡುವಿನ ಕಾಲವೆಲ್ಲ ಮರೆಯಾಗಿಬಿಡುತ್ತದೆ. ನಿಲ್ಲುವುದು, ನಡೆಯುವುದು, ಮೆಟ್ಟಿಲೇರುವುದು, ರಾತ್ರಿ ನಿದ್ದೆ ಮಾಡುವುದು, ಕಣ್ಣಿಟ್ಟು ಓದುವುದು ಇವು ಚರಿತ್ರೆಯ ಸಂಗತಿಗಳಲ್ಲವೆಂಬ ಭಾವನೆ ಇದರ ಹಿಂದೆ ಇರುವಂತೆ ತೋರುತ್ತದೆ. ಆದರೆ ನಡುವಯಸ್ಸಿನಲ್ಲಿಯೇ ಈ ದಿನಬಳಕೆಯ ಕ್ರಿಯೆಗಳು ದುಸ್ತರವಾದ ವ್ಯಕ್ತಿಯೊಬ್ಬನ ವಿಷಯದಲ್ಲಿ ಅವನ್ನು ಬಿಟ್ಟು ಬರೆದರೆ ಆತನ ಸಾಧನೆಯ ಅಳತೆಯೇ ನಮಗೆ ಸಿಕ್ಕುವುದಿಲ್ಲ.

ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರ ಬದುಕು ಇದಕ್ಕೆ ಉತ್ತಮ ನಿದರ್ಶನ. ಭಾರತದ ಸಂವಿಧಾನದ ಕರಡು ಸಿದ್ಧವಾಗುತ್ತಿದ್ದ ಕಾಲದಲ್ಲಿ ಅದರ ಸಮಿತಿಯ ಅಧ್ಯಕ್ಷರು ಕಾಲುನೋವಿನಿಂದ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯುತ್ತಿದ್ದರು ಎಂಬ ಸಂಗತಿ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ವಿರಳ. ಅವರ ಬದುಕಿನಲ್ಲಿ ದಿನನಿತ್ಯದ ಕ್ರಿಯೆಗಳಿಗೆ ಎರಡು ಬಗೆಯ ತಡೆಗಳು ಒದಗಿದವು. ಬಾಲ್ಯದಿಂದಲೂ ಸಮಾಜ ಒಡ್ಡಿದ ತಡೆ ಒಂದು. ಐವತ್ತರ ಆಸುಪಾಸಿನಲ್ಲಿ ದೇಹವೇ ಒಡ್ಡಿದ ತಡೆ ಇನ್ನೊಂದು. ಈ ಎರಡನ್ನೂ ಅವರು ಒಂದೇ ಎಂದು ಭಾವಿಸಲಿಲ್ಲ. ಮೊದಲನೆಯದನ್ನು ಅವರು ಎಂದೂ ಸಹಿಸಲಿಲ್ಲ; ಎರಡನೆಯದನ್ನು ಇತರರ ನೆರವು ಪಡೆದು ಸಹಿಸಿಕೊಂಡರು. ಈ ವಿವೇಕದ ಬೆಳಕಿನಲ್ಲಿ ಅವರ ಬದುಕನ್ನು ನೋಡುವುದು ಇಲ್ಲಿನ ಉದ್ದೇಶ.

2

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ಎಂಬ ಸೈನಿಕ ಠಾಣ್ಯದಲ್ಲಿ ಜನಿಸಿದರು. ಮನೆತನ ಕೊಂಕಣದ ರತ್ನಾಗಿರಿ ಸೀಮೆಯ ಅಂಬಡವೆ ಗ್ರಾಮದ್ದು. ತಂದೆ ರಾಮಜಿ ಸಕಪಾಳರು ಸೇನೆಯಲ್ಲಿ ಸುಬೇದಾರರಾಗಿದ್ದವರು. ಸೇನೆಯಿಂದ ನಿವೃತ್ತರಾದ ಮೇಲೆ ಕುಟುಂಬ ಸಾತಾರಾದಲ್ಲಿ ನೆಲೆಸಿತ್ತು. ಅಲ್ಲಿ ಬಾಲಕ ಭೀಮನಿಗೆ ಶಾಲೆಯ ನಲ್ಲಿಯನ್ನು ತಾನೇ ಮುಟ್ಟಿ ನೀರು ಕುಡಿಯುವ ಹಕ್ಕಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಬಾರದಿದ್ದರೆ ಬಾಯಾರಿಕೆ. ಕ್ಷೌರಿಕ ದೊರೆಯದ ಕಾರಣ ತಲೆಗೂದಲನ್ನು ಮನೆಯಲ್ಲಿ ಅಕ್ಕನೇ ಕತ್ತರಿಸಬೇಕಾಗಿತ್ತು. ದೇಹ ಆರೋಗ್ಯವಾಗಿದ್ದರೂ ದೇಹದ ಸಾಮಾನ್ಯ ಅಗತ್ಯಗಳು ಪೂರೈಸದಂತೆ ಮಾಡುವ ವ್ಯವಸ್ಥೆಯ ಪರಿಚಯ ಅವರಿಗಾದದ್ದು ಹೀಗೆ.

1901ರ ಒಂದು ಪ್ರಯಾಣ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಕೋರೆಗಾಂವದಲ್ಲಿ ಕೆಲಸಕ್ಕಿದ್ದ ತಂದೆಯನ್ನು ಕಾಣಲು ಮಕ್ಕಳು ಮಸೂರು ನಿಲ್ದಾಣದಲ್ಲಿ ರೈಲಿಳಿದರು. ಇವರು ಮಹಾರರೆಂದು ತಿಳಿದ ಕೂಡಲೇ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಇಮ್ಮಡಿ ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗುವುದು, ಗಾಡಿಯವನು ಜೊತೆಗೆ ನಡೆದು ಬರುವುದು ಎಂಬ ಒಪ್ಪಂದವಾಯಿತು. ದಾರಿಯುದ್ದಕ್ಕೂ ಬುತ್ತಿಯಿದ್ದರೂ ಕುಡಿಯುವ ನೀರು ಸಿಗದೆ ಆ ಮಕ್ಕಳು ರಾತ್ರಿಯನ್ನು ಹಸಿವಿನಲ್ಲೇ ಕಳೆದರು.

ಮುಂದೆ ಕುಟುಂಬ ಮುಂಬಯಿಗೆ ಬಂದು ಗಿರಣಿ ಕಾರ್ಮಿಕರ ಬಡಾವಣೆಯಾದ ಪರೇಲಿನ ಚಾಳೊಂದರಲ್ಲಿ ನೆಲೆಸಿತು. ಒಂದೇ ಕೋಣೆ, ಅಡುಗೆ, ಮಲಗುವುದು, ಓದು ಎಲ್ಲವೂ ಅಲ್ಲಿಯೇ. ಮನೆಯವರೆಲ್ಲ ಒಟ್ಟಿಗೆ ಮಲಗಲು ಜಾಗವಿಲ್ಲದ ಕಾರಣ ತಂದೆ ಮಗನನ್ನು ಬೇಗ ಮಲಗಿಸಿ, ನಡುರಾತ್ರಿ ದಾಟಿದ ಮೇಲೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ರಾತ್ರಿಯ ಓದಿನ ಅಭ್ಯಾಸ ಅಂಬೇಡ್ಕರ್ ಅವರಿಗೆ ಅಂಟಿದ್ದು ಆ ಕೋಣೆಯಲ್ಲಿ. 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಮುಗಿಸಿದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರರು ತಾವು ಬರೆದ ಬುದ್ಧಚರಿತ್ರೆಯನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ಸುಮಾರು 1912ರಿಂದ ಅವರ ವಾಸ ಪೊಯಬಾವಡಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿಸಿದ್ದ ಚಾಳಿನ ಎರಡನೆಯ ಮಹಡಿಯ ಎರಡು ಕೋಣೆಗಳಲ್ಲಿ. ಕೊಲಂಬಿಯಾ ಮತ್ತು ಲಂಡನ್ನಿನ ಓದಿನ ವರ್ಷಗಳನ್ನು ಬಿಟ್ಟರೆ, ದಾದರಿನ ಹಿಂದೂ ಕಾಲನಿಯಲ್ಲಿ ಮುಖ್ಯವಾಗಿ ಪುಸ್ತಕಗಳಿಗೆಂದೇ ಕಟ್ಟಿಸಿದ ರಾಜಗೃಹಕ್ಕೆ 1930ರ ದಶಕದಲ್ಲಿ ಹೋಗುವವರೆಗೂ ಅವರ ಸಂಸಾರ ನಡೆದದ್ದು ಆ ಕೋಣೆಗಳಲ್ಲಿಯೇ. ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಹೋದರು. ಪತ್ನಿ ರಮಾಬಾಯಿಯವರು ದೀರ್ಘ ಅಸ್ವಾಸ್ಥ್ಯದ ನಂತರ 1935ರ ಮೇ 27ರಂದು ನಿಧನರಾದರು. ಕಾಯಿಲೆಯೆಂಬುದು ಬಡವರ ಮನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ವಿದ್ಯೆ ಏರಿದಂತೆ ತಡೆಗಳು ಇಳಿಯಲಿಲ್ಲ ಎಂಬುದೂ ಗಮನಾರ್ಹ. 1917ರಲ್ಲಿ ಬರೋಡೆಯ ಸೇವೆಗೆ ಸೇರಿದಾಗ ಅವರಿಗೆ ವಾಸಕ್ಕೆ ಮನೆ ಸಿಗಲಿಲ್ಲ. ಜಾತಿ ಮರೆಸಿ ತಂಗಿದ್ದ ಪಾರ್ಸಿ ವಸತಿಗೃಹದಿಂದ ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಅವರನ್ನು ಹೊರಹಾಕಿತು. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ ಅಧ್ಯಾಪಕರ ಕೊಠಡಿಯ ಹೂಜಿಯಿಂದ ನೀರು ತೆಗೆದುಕೊಳ್ಳುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರ ಆಕ್ಷೇಪವಿತ್ತು. ನೀರು, ನೆಲೆ, ದಾರಿ, ವಾಹನ ಈ ನಾಲ್ಕೂ ವಿದ್ವಾಂಸನೊಬ್ಬನ ದಿನಚರಿಯಲ್ಲಿ ಸಮಸ್ಯೆಗಳಾಗಿಯೇ ಉಳಿದವು. 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಈ ದೃಷ್ಟಿಯಿಂದ ಕೇವಲ ಸಾಂಕೇತಿಕ ಕ್ರಿಯೆಯಲ್ಲ. ಬಾಯಾರಿದವನು ನೀರು ಕುಡಿಯುವುದು ಸಹಜ ಕ್ರಿಯೆಯೆಂಬುದನ್ನು ಲೋಕದ ಎದುರು ಸ್ಥಾಪಿಸಿದ ಕೃತಿ ಅದು.

3

ಸಮಾಜದ ತಡೆ ಮತ್ತು ದೇಹದ ತಡೆ ಇವೆರಡೂ ಒಂದೇ ಗಳಿಗೆಯಲ್ಲಿ ಅವರಿಗೆ ಎದುರಾದದ್ದು 1929ರ ಅಕ್ಟೋಬರ್ 23ರಂದು. ಆಗ ಅವರಿಗೆ ಮೂವತ್ತೆಂಟು ವರ್ಷ. ಮುಂಬಯಿ ಸರ್ಕಾರ ಅಸ್ಪೃಶ್ಯರ ಕುಂದುಕೊರತೆಗಳ ವಿಚಾರಣೆಗೆ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಪ್ರವಾಸ ಮಾಡುತ್ತ ಅವರು ಖಾನದೇಶದ ಚಾಳಿಸಗಾಂವ ನಿಲ್ದಾಣದಲ್ಲಿ ಇಳಿದರು. ಊರಿನ ಮಹಾರರು ಒಂದು ರಾತ್ರಿ ತಮ್ಮಲ್ಲಿ ತಂಗಬೇಕೆಂದು ಬೇಡಿಕೊಂಡರು. ಆದರೆ ಮಹಾರನೊಬ್ಬನನ್ನು ಕೂರಿಸಿಕೊಂಡು ಟಾಂಗಾ ಹೊಡೆಯುವುದು ತಮ್ಮ ಘನತೆಗೆ ಕುಂದೆಂದು ಟಾಂಗಾದವರು ನಿರಾಕರಿಸಿದರು. ಕೊನೆಗೆ ಬಾಡಿಗೆಗೆ ಟಾಂಗಾ ಕೊಡುವುದಾಗಿಯೂ ಹೊಡೆಯಲು ಮಾತ್ರ ಬಾರೆವೆಂದೂ ಒಪ್ಪಿಕೊಂಡರು. ಅತಿಥಿ ನಡೆದು ಬರುವುದು ಗೌರವವಲ್ಲವೆಂದು ಬಗೆದ ಮಹಾರರು ತಮ್ಮಲ್ಲೇ ಒಬ್ಬನನ್ನು ಚಾಲಕನ ಜಾಗದಲ್ಲಿ ಕೂರಿಸಿದರು. ಆತನಿಗೆ ಅನುಭವವಿರಲಿಲ್ಲ. ನದಿಯ ಕಿರುಸೇತುವೆಯ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿಕೊಂಡಿತು, ಕುದುರೆ ಬಿಡಿಸಿಕೊಂಡಿತು, ಅಂಬೇಡ್ಕರ್ ಅವರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು.

ಹತ್ತು ವರ್ಷದ ಬಾಲಕನಿಗೆ ಗಾಡಿ ಸಿಗದಿದ್ದ ಮಸೂರಿಗೂ, ನ್ಯಾಯವಾದಿಯೂ ಶಾಸನಸಭೆಯ ಸದಸ್ಯರೂ ಆಗಿದ್ದವರಿಗೆ ಟಾಂಗಾ ಸಿಗದಿದ್ದ ಚಾಳಿಸಗಾಂವಕ್ಕೂ ನಡುವೆ ಇಪ್ಪತ್ತೆಂಟು ವರ್ಷಗಳ ಅಂತರ. ಎರಡು ಕಡೆಯೂ ನಡೆದ ಒಪ್ಪಂದ ಒಂದೇ: ವಾಹನ ನಿಮಗೆ, ಚಾಲಕ ಮಾತ್ರ ಇಲ್ಲ. ಮೊದಲ ಸಲ ಬೆಲೆಯಾಗಿ ತೆತ್ತದ್ದು ಹಸಿವನ್ನು. ಎರಡನೆಯ ಸಲ ಕಾಲನ್ನು. ಆ ವರ್ಷದ ಉಳಿದ ದಿನಗಳಲ್ಲಿ ಬಹುಭಾಗ ಅವರು ಹಾಸಿಗೆ ಹಿಡಿದಿದ್ದರು. ಕಾಲು ಕೂಡಿಕೊಂಡಿತು. ಆದರೆ ಅಪಘಾತವೆಂದು ದವಾಖಾನೆಯ ದಾಖಲೆಯಲ್ಲಿ ಬರೆಯಬಹುದಾದುದರ ಹಿಂದೆ ಜಾತಿಯ ಕಾರಣವಿರಬಲ್ಲದು ಎಂಬ ಅರಿವನ್ನು ಅವರು ಮುಂದೆ ತಮ್ಮ ನೆನಪಿನ ಟಿಪ್ಪಣಿಗಳಲ್ಲಿ ಬರೆದಿಟ್ಟರು.

4

ಅಂಬೇಡ್ಕರ್ ಅವರ ಕಾರ್ಯಕ್ಷೇತ್ರವಾಗಿದ್ದ ಮುಂಬಯಿ ಪ್ರಾಂತ್ಯದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಸೇರಿದ್ದವು ಎಂಬುದನ್ನು ಕನ್ನಡ ವಿದ್ಯಾರ್ಥಿಗಳು ನೆನೆಯಬೇಕು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಜರುಗಿದ ದಲಿತ ವರ್ಗಗಳ ಪ್ರಾಂತಿಕ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೀಗಾಗಿ ಮುಂಬಯಿಯ ಶಾಸನಸಭೆಯಲ್ಲಿ ಅವರು ಆಡಿದ ಮಾತುಗಳು ಕನ್ನಡನಾಡಿನ ಒಂದು ಭಾಗಕ್ಕೂ ಅನ್ವಯಿಸುತ್ತಿದ್ದವು. 1928ರಲ್ಲಿ ಗಿರಣಿಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಯ ಕಾಲದಲ್ಲಿ ವೇತನಸಹಿತ ಬಿಡುವು ಕೊಡುವ ಮಸೂದೆ ಬಂದಾಗ ಅವರು ಅದನ್ನು ಸಮರ್ಥಿಸಿದರು. ದುಡಿಯುವ ದೇಹ ದುಡಿಯಲಾರದ ದಿನಗಳ ಹೊರೆಯನ್ನು ಆ ಮನೆಯೊಂದೇ ಹೊರಬೇಕಾಗಿಲ್ಲ ಎಂಬುದು ಆ ವಾದದ ತಿರುಳು.

1942ರ ಜುಲೈನಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ಈ ತಿರುಳು ಆಡಳಿತದ ರೂಪ ಪಡೆಯಿತು. ಅವರ ಖಾತೆಯ ಅವಧಿಯಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು ಪ್ರೊ. ಬಿ. ಪಿ. ಅಡಾರಕರರನ್ನು ನೇಮಿಸಲಾಯಿತು. 1944ರಲ್ಲಿ ಬಂದ ಅವರ ವರದಿಯೇ 1948ರ ಏಪ್ರಿಲ್‌ನಲ್ಲಿ ಅಂಗೀಕೃತವಾದ ನೌಕರರ ರಾಜ್ಯ ವಿಮಾ ಕಾಯಿದೆಗೆ ಬುನಾದಿ. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಗಾಯದಿಂದ ಬರುವ ಅಂಗವೈಕಲ್ಯ ಇವುಗಳಿಗೆ ನಗದು ನೆರವನ್ನೂ ಚಿಕಿತ್ಸೆಯನ್ನೂ ಒದಗಿಸುವ ಈ ಯೋಜನೆ 1952ರಲ್ಲಿ ಕಾನಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂದು ಬಳಿಕ ಇತರ ಕೈಗಾರಿಕಾ ನಗರಗಳಿಗೆ ಹರಡಿತು. ಅನ್ಯರ ಕಾಯಿಲೆಯ ದಿನಗಳಿಗೆ ಶಾಸನದ ಆಸರೆ ಹುಡುಕುತ್ತಿದ್ದ ಅದೇ ವರ್ಷಗಳಲ್ಲಿ ಅವರ ಸ್ವಂತ ದೇಹ ಸೋಲತೊಡಗಿತ್ತು.

5

1940ರ ದಶಕದ ಉತ್ತರಾರ್ಧದ ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಸಂಧಿವಾತ ಹಾಗೂ ಕಾಲಿನ ನರಬೇನೆ ಒಟ್ಟಾಗಿ ಕಾಡುತ್ತಿದ್ದವು. ಸಕ್ಕರೆ ಕಾಯಿಲೆ ದೀರ್ಘಕಾಲ ಅಂಕೆಗೆ ಸಿಗದಿದ್ದರೆ ದೇಹದ ಅತಿ ಉದ್ದನೆಯ ನರಗಳು, ಎಂದರೆ ಪಾದಗಳಿಗೆ ಹೋಗುವ ನರಗಳು, ಮೊದಲು ಕೆಡುತ್ತವೆ. ಪಾದದಲ್ಲಿ ಉರಿ, ಜೋಮು, ಚುಚ್ಚುವಂಥ ನೋವು ಕಾಣಿಸುತ್ತದೆ; ಹಗಲಿಗಿಂತ ರಾತ್ರಿ ಹೆಚ್ಚು. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟಾಗ ಸಕ್ಕರೆಯ ಪ್ರಮಾಣ ಏರುತ್ತದೆ, ಅದು ನೋವನ್ನು ಮತ್ತೆ ಬೆಳೆಸುತ್ತದೆ. ಕಣ್ಣಿನ ಒಳಪದರದ ಸೂಕ್ಷ್ಮ ರಕ್ತನಾಳಗಳೂ ಕ್ರಮೇಣ ಹಾಳಾಗುತ್ತವೆ. ಅಂದಿನ ಔಷಧಿಗಳಲ್ಲಿ ಮುಖ್ಯವಾದುದು ಇನ್ಸುಲಿನ್. ಅದು ಮನುಷ್ಯರ ಚಿಕಿತ್ಸೆಗೆ ಬಂದು ಕೇವಲ ಕಾಲು ಶತಮಾನ ಕಳೆದಿತ್ತು. ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಕುದಿಸಿ, ಹೊತ್ತಿಗೆ ಸರಿಯಾಗಿ ಚುಚ್ಚುಮದ್ದು ಕೊಟ್ಟು, ಅದಕ್ಕೆ ತಕ್ಕ ಊಟವನ್ನು ಅಳೆದು ಬಡಿಸಬೇಕಾಗಿತ್ತು. ನುಂಗುವ ಗುಳಿಗೆಗಳು ಬಳಕೆಗೆ ಬಂದದ್ದು 1950ರ ದಶಕದ ನಡುವೆ. ಎಂದರೆ ಈ ಕಾಯಿಲೆಯನ್ನು ಒಬ್ಬಂಟಿಯಾಗಿ ನಿಭಾಯಿಸುವುದು, ಅದರಲ್ಲಿಯೂ ಸರಿರಾತ್ರಿಯವರೆಗೆ ಓದುವ, ಊಟದ ಹೊತ್ತನ್ನು ಮರೆಯುವ ಮನುಷ್ಯನಿಗೆ, ಬಹಳ ಕಷ್ಟದ ಮಾತು.

ಅಂಬೇಡ್ಕರ್ ಅವರು ಒಬ್ಬಂಟಿಯಾಗಿದ್ದರು. ರಮಾಬಾಯಿಯವರು ತೀರಿ ಹನ್ನೆರಡು ವರ್ಷ ಕಳೆದಿದ್ದವು. ಕೆಲಸ ದೆಹಲಿಯಲ್ಲಿ, ಮನೆ ಮುಂಬಯಿಯಲ್ಲಿ. 1947ರಲ್ಲಿ ಅವರು ಚಿಕಿತ್ಸೆಗಾಗಿ ಮುಂಬಯಿಯ ಗಿರಗಾಂವದಲ್ಲಿದ್ದ ಡಾ. ಮಾಳವಣಕರರ ಚಿಕಿತ್ಸಾಲಯಕ್ಕೆ ಬಂದರು. ಅಲ್ಲಿ ಸಹಾಯಕ ವೈದ್ಯೆಯಾಗಿದ್ದವರು ಡಾ. ಶಾರದಾ ಕಬೀರ್. 1909ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿ, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ್ದ ಅವರ ಪರಿಚಯ ಅಂಬೇಡ್ಕರ್ ಅವರಿಗೆ ಅದಾಗಲೇ ವಿಲೆಪಾರ್ಲೆಯ ಸ್ನೇಹಿತರೊಬ್ಬರ ಮನೆಯಲ್ಲಿ ಆಗಿತ್ತು. ವೈದ್ಯರ ಅಭಿಪ್ರಾಯ ಸ್ಪಷ್ಟವಾಗಿತ್ತು: ಊಟ, ಔಷಧಿ, ವಿಶ್ರಾಂತಿಗಳನ್ನು ದಿನವಿಡೀ ನೋಡಿಕೊಳ್ಳುವ ಒಬ್ಬರು ಜೊತೆಯಲ್ಲಿ ಇರಲೇಬೇಕು.

1948ರ ಮೊದಲ ತಿಂಗಳುಗಳನ್ನು ಇಲ್ಲಿ ಒಟ್ಟಿಗೆ ನೋಡಬೇಕು. ಸಂವಿಧಾನದ ಕರಡು ಸಮಿತಿ 1947ರ ಆಗಸ್ಟ್ 29ರಂದು ನೇಮಕಗೊಂಡಿತ್ತು. ಸಮಿತಿಯ ಮೊದಲ ಕರಡು ಸಂವಿಧಾನ ಸಭೆಯ ಅಧ್ಯಕ್ಷರಿಗೆ ಸಲ್ಲಿಕೆಯಾದದ್ದು 1948ರ ಫೆಬ್ರವರಿ 21ರಂದು. ಅದೇ ಅವಧಿಯಲ್ಲಿ ಕಾಲುನೋವು ವಿಪರೀತವಾಗಿ ಅವರು ಎಷ್ಟೋ ರಾತ್ರಿಗಳನ್ನು ಎಚ್ಚರವಾಗಿಯೇ ಕಳೆದರು. ದಾದಿಯೊಬ್ಬರನ್ನು ಮನೆಯಲ್ಲಿರಿಸಿಕೊಂಡರೆ ಲೋಕಾಪವಾದಕ್ಕೆ ಎಡೆಯಾಗುತ್ತದೆ, ಮದುವೆಯೇ ಸರಿಯಾದ ದಾರಿ ಎಂಬ ತೀರ್ಮಾನಕ್ಕೆ ಬಂದರು. ಈ ನಿರ್ಧಾರವನ್ನು ಅವರು ಆಪ್ತ ಸಂಗಾತಿ ದಾದಾಸಾಹೇಬ ಗಾಯಕವಾಡರಿಗೆ ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿದರು. 1948ರ ಏಪ್ರಿಲ್ 15ರಂದು, ಐವತ್ತೇಳು ತುಂಬಿದ ಮರುದಿನ, ದೆಹಲಿಯ ಅವರ ನಿವಾಸದಲ್ಲಿ ನೋಂದಣಿ ವಿವಾಹ ನಡೆಯಿತು. ಶಾರದಾ ಅವರು ಸವಿತಾ ಅಂಬೇಡ್ಕರ್ ಆದರು. ತನ್ನ ದೇಹಕ್ಕೆ ಇನ್ನೊಬ್ಬರ ಆಸರೆ ಬೇಕಾಗಿದೆ ಎಂಬುದನ್ನು ನಾಯಕನೊಬ್ಬ ತಾನೇ ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಬದುಕನ್ನು ಮಾರ್ಪಡಿಸಿಕೊಳ್ಳುವುದು ನಮ್ಮ ಸಾರ್ವಜನಿಕ ಜೀವನದಲ್ಲಿ ಅಪರೂಪ. ಅಭಿಮಾನಿಗಳಲ್ಲಿ ಹಲವರಿಗೆ ಅದು ಅರ್ಥವಾಗಲಿಲ್ಲ.

ಸಮಿತಿಯ ಕೆಲಸವಾದರೂ ಸಮನಾಗಿ ಹಂಚಿಹೋದುದಾಗಿರಲಿಲ್ಲ. ಸಂವಿಧಾನ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು, ನಮ್ಮ ದಕ್ಷಿಣ ಕನ್ನಡದ ಮನೆತನದವರು, ಮೂಲ ಕರಡನ್ನು ಸಿದ್ಧಪಡಿಸಿಕೊಟ್ಟಿದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ನಡುವೆ ತೆರವಾದ ಸ್ಥಾನಕ್ಕೆ ಸದಸ್ಯರಾಗಿ ಬಂದರು. ಆದರೆ ಏಳು ಸದಸ್ಯರಲ್ಲಿ ಒಬ್ಬರು ರಾಜೀನಾಮೆಯಿತ್ತು, ಒಬ್ಬರು ತೀರಿಕೊಂಡು, ಒಬ್ಬರು ಅಮೆರಿಕೆಯಲ್ಲಿದ್ದು, ಇನ್ನೊಬ್ಬರು ಸಂಸ್ಥಾನಗಳ ವ್ಯವಹಾರದಲ್ಲಿ ಮುಳುಗಿ, ಮತ್ತೊಬ್ಬಿಬ್ಬರು ಅನಾರೋಗ್ಯದಿಂದಲೋ ಎಂಬಂತೆ ದೆಹಲಿಯಿಂದ ದೂರ ಉಳಿದು, ಕೊನೆಗೆ ಹೊರೆಯೆಲ್ಲ ಅಂಬೇಡ್ಕರ್ ಅವರ ಮೇಲೆಯೇ ಬಿತ್ತೆಂದು ಸದಸ್ಯರಾದ ಟಿ. ಟಿ. ಕೃಷ್ಣಮಾಚಾರಿಯವರು 1948ರ ನವೆಂಬರ್ 5ರಂದು ಸಭೆಯಲ್ಲೇ ತಿಳಿಸಿದರು. ಇತರರ ಗೈರುಹಾಜರಿಗೆ ಅನಾರೋಗ್ಯ ಕಾರಣವಾಗಿದ್ದಿರಬಹುದೆಂದು ಊಹಿಸಿದ ಆ ಸಭೆಯ ಎದುರು ಕುಳಿತಿದ್ದ ಅಧ್ಯಕ್ಷರೇ ಅವರೆಲ್ಲರಿಗಿಂತ ಹೆಚ್ಚು ಅಸ್ವಸ್ಥರಾಗಿದ್ದಿರಬಹುದು.

ಕರಡಿನ ಚರ್ಚೆಗೆ ಸಭೆ 114 ದಿನ ಕುಳಿತಿತು. ಸೂಚಿತವಾದ ತಿದ್ದುಪಡಿಗಳು 7,635. ಅವುಗಳಲ್ಲಿ ಮಂಡಿತವಾದವು 2,473. ಸೂಚನೆ ಯಾವುದೇ ಇರಲಿ, ಒಪ್ಪುವುದಾದರೆ ಏಕೆ, ಒಪ್ಪದಿದ್ದರೆ ಏಕೆ ಎಂದು ಎದ್ದು ನಿಂತು ಉತ್ತರಿಸಬೇಕಾದ ಹೊಣೆ ಮುಖ್ಯವಾಗಿ ಅವರದು. ಕಾಲುನೋವಿನ ಮನುಷ್ಯನಿಗೆ ಏಳುವುದು, ನಿಲ್ಲುವುದು ಎಂಥ ಕೆಲಸವೆಂಬುದನ್ನು ನೆನೆದರೆ ಈ ಅಂಕಿಗಳಿಗೆ ಬೇರೆಯೇ ತೂಕ ಬರುತ್ತದೆ. 1949ರ ನವೆಂಬರ್ 26ರಂದು 395 ವಿಧಿಗಳ ಸಂವಿಧಾನ ಅಂಗೀಕೃತವಾಯಿತು.

ಆ ವಿಧಿಗಳಲ್ಲಿ ಎರಡನ್ನು ಈ ಸಂದರ್ಭದಲ್ಲಿ ಜೊತೆಯಾಗಿರಿಸಿ ಓದಬಹುದು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸುತ್ತದೆ, ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. ಅಲ್ಲಿ ಷರತ್ತಿಲ್ಲ, ಕಾಲಾವಕಾಶವಿಲ್ಲ. 41ನೆಯ ವಿಧಿ ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕನ್ನು ರಾಜ್ಯ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಒದಗಿಸಬೇಕೆನ್ನುತ್ತದೆ. ಅದು ನಿರ್ದೇಶಕ ತತ್ತ್ವ, ನ್ಯಾಯಾಲಯದಲ್ಲಿ ನೇರವಾಗಿ ಕೇಳಿ ಪಡೆಯುವಂಥದಲ್ಲ. ಮನುಷ್ಯರು ಒಡ್ಡಿದ ತಡೆಗೆ ನಿಷೇಧ, ದೇಹ ಒಡ್ಡಿದ ತಡೆಗೆ ನೆರವು ಎಂಬ ವಿವೇಕ ಇಲ್ಲಿ ಶಾಸನದ ಭಾಷೆಯಲ್ಲಿ ನಿಂತಿದೆ. ಇವು ಒಬ್ಬರ ಕೃತಿಯಲ್ಲ, ಇಡೀ ಸಭೆಯ ಕೃತಿ ಎಂಬುದು ನಿಜ. ಆದರೂ ಎರಡು ಬಗೆಯ ಕಷ್ಟವನ್ನೂ ಉಂಡವರೊಬ್ಬರು ಆ ಕರಡಿನ ಹೊಣೆ ಹೊತ್ತಿದ್ದರೆಂಬುದು ಅಷ್ಟೇ ನಿಜ. 41ನೆಯ ವಿಧಿಯ ಆಶಯ ಅಂಗವಿಕಲರ ಮಟ್ಟಿಗೆ ಪ್ರತ್ಯೇಕ ಕಾನೂನಾಗಿ ಬರಲು 1995ರವರೆಗೆ ಕಾಯಬೇಕಾಯಿತು. ಅದರ ಸ್ಥಾನದಲ್ಲಿ 2016ರಲ್ಲಿ ಇನ್ನೊಂದು, ಹೆಚ್ಚು ವಿಸ್ತಾರವಾದ ಕಾಯಿದೆ ಬಂದಿದೆ. ಅದು ಕೇವಲ ನೆರವಿನ ಮಾತನ್ನಾಡುವುದಿಲ್ಲ. ಮೆಟ್ಟಿಲು, ವಾಹನ, ಕಚೇರಿಗಳ ರೂಪದಲ್ಲಿ ಸಮಾಜವೇ ಒಡ್ಡುವ ತಡೆಗಳನ್ನೂ ತೆಗೆಯಬೇಕೆನ್ನುತ್ತದೆ.

6

ಸಂವಿಧಾನದ ನಂತರ ಅವರು ಕೈಗೆತ್ತಿಕೊಂಡ ದೊಡ್ಡ ಕೆಲಸ ಹಿಂದೂ ಸಂಹಿತೆಯ ಮಸೂದೆ. ಆಸ್ತಿ, ವಿವಾಹ, ವಿಚ್ಛೇದನಗಳಲ್ಲಿ ಹೆಂಗಸರಿಗೆ ಹಕ್ಕು ಕೊಡುವ ಈ ಮಸೂದೆ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತಿತ್ತು. 1951ರ ಆಗಸ್ಟ್‌ನಲ್ಲಿ ಅವರು ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು, ವೈದ್ಯರು ದೀರ್ಘ ಚಿಕಿತ್ಸೆಗೆ ಒತ್ತಾಯಿಸುತ್ತಿರುವುದರಿಂದ ಅದಕ್ಕೆ ಮುನ್ನ ಮಸೂದೆಯ ಚರ್ಚೆಯನ್ನು ಮುಗಿಸಬೇಕೆಂದು ಕೋರಿದರು. ಚಿಕಿತ್ಸೆಗಾಗಿ ಕೆಲಸವನ್ನು ಮುಂದೂಡಲಿಲ್ಲ. ಕೆಲಸಕ್ಕಾಗಿ ಚಿಕಿತ್ಸೆಯನ್ನು ಹಿಂದಕ್ಕಿಟ್ಟರು. ಸೆಪ್ಟೆಂಬರ್‌ನಲ್ಲಿ ಚರ್ಚೆ ಕೆಲವು ವಿಧಿಗಳಷ್ಟೇ ಸಾಗಿ ಮಸೂದೆ ಕೈಬಿಟ್ಟಿತು. 27ರಂದು ಅವರು ರಾಜೀನಾಮೆ ಕೊಟ್ಟರು.

ರಾಜೀನಾಮೆಯ ಕುರಿತ ಹೇಳಿಕೆಯಲ್ಲಿ ಅವರು ಆರೋಗ್ಯದ ಪ್ರಸ್ತಾಪ ಮಾಡಿದ ಬಗೆ ವಿಶೇಷವಾದುದು. ಅನಾರೋಗ್ಯದ ಕಾರಣಕ್ಕೆ ತಾವು ಹುದ್ದೆ ಬಿಟ್ಟರೆಂದು ಯಾರೂ ಭಾವಿಸಬಾರದು, ಕಾಯಿಲೆಗಾಗಿ ಕರ್ತವ್ಯವನ್ನು ತೊರೆಯುವ ಜಾಯಮಾನ ತಮ್ಮದಲ್ಲ ಎಂಬರ್ಥದ ಮಾತನ್ನು ಸ್ಪಷ್ಟವಾಗಿ ಸೇರಿಸಿದರು. ಇದನ್ನು ಕೇವಲ ಛಲದ ಮಾತೆಂದು ತಿಳಿಯಲಾಗದು. ರಾಜಕೀಯ ಭಿನ್ನಮತದಿಂದ ಹೊರಹೋಗುವವನನ್ನು ರೋಗಿಯೆಂದು ಕರೆದುಬಿಟ್ಟರೆ ಆತನ ವಾದಕ್ಕೆ ಉತ್ತರ ಕೊಡುವ ಅಗತ್ಯವೇ ಉಳಿಯುವುದಿಲ್ಲ. ದೇಹದ ದೌರ್ಬಲ್ಯವನ್ನು ಅವರು ಬಚ್ಚಿಡಲಿಲ್ಲ. ಅದನ್ನು ಇತರರು ನೆಪವಾಗಿ ಬಳಸಿಕೊಳ್ಳಲು ಬಿಡಲೂ ಇಲ್ಲ.

1952ರ ಆರಂಭದ ಮೊದಲ ಮಹಾಚುನಾವಣೆಯಲ್ಲಿ ಉತ್ತರ ಮುಂಬಯಿ ಕ್ಷೇತ್ರದಿಂದ ಅವರು ಸೋತರು. ಆ ವರ್ಷವೇ ರಾಜ್ಯಸಭೆಗೆ ಆಯ್ಕೆಯಾದರು. 1954ರ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋಲು. ಈ ವರ್ಷಗಳಲ್ಲಿ ನಡೆಯಲು ಊರುಗೋಲು ಬೇಕಾಯಿತು. ಬರಬರುತ್ತ ಊರುಗೋಲಿನ ಜೊತೆಗೆ ಇನ್ನೊಬ್ಬರ ಭುಜವೂ ಬೇಕಾಯಿತು. ಕಣ್ಣು ಮಂಜಾಗತೊಡಗಿತು. ಓದೇ ಉಸಿರಾಗಿದ್ದವರಿಗೆ ಕಾಲಿಗಿಂತ ಕಣ್ಣಿನ ಸೋಲು ಹೆಚ್ಚು ನೋವು ಕೊಟ್ಟಿರಬೇಕು. ಹೀಗಿದ್ದೂ ದಿನಚರಿ ನಿಲ್ಲಲಿಲ್ಲ. 1945ರಲ್ಲಿ ಅವರು ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಿತ್ತು. ಔರಂಗಾಬಾದಿನ ಕಾಲೇಜು 1950ರಲ್ಲಿ, ಮುಂಬಯಿಯ ವಾಣಿಜ್ಯ ಕಾಲೇಜು 1953ರಲ್ಲಿ, ಕಾನೂನು ಕಾಲೇಜು 1956ರಲ್ಲಿ ಆರಂಭವಾದವು. ಅವರು ಹೆಜ್ಜೆಯಿಡಲು ಕಷ್ಟಪಡುತ್ತಿದ್ದ ವರ್ಷಗಳೂ ಈ ಸಂಸ್ಥೆಗಳು ಬೆಳೆದ ವರ್ಷಗಳೂ ಒಂದೇ.

ಬುದ್ಧ ಮತ್ತು ಆತನ ಧಮ್ಮವನ್ನು ಕುರಿತ ಗ್ರಂಥದ ಬರವಣಿಗೆಯೂ ಇದೇ ಕಾಲದ್ದು. ಆ ಗ್ರಂಥ ಸಿದ್ಧವಾದದ್ದು ಅನೇಕರ ಕೈಗಳ ನೆರವಿನಿಂದ. ದೆಹಲಿಯಲ್ಲಿ ನಾನಕ್ ಚಂದ್ ರತ್ತು ಎಂಬ ಸರ್ಕಾರಿ ನೌಕರರು ತಮ್ಮ ಕಚೇರಿಯ ಕೆಲಸ ಮುಗಿಸಿ ಸಂಜೆ ಬಂದು, ರಾತ್ರಿಯವರೆಗೆ ಕುಳಿತು ಹಸ್ತಪ್ರತಿಯನ್ನು ಬೆರಳಚ್ಚು ಮಾಡಿಕೊಡುತ್ತಿದ್ದರು. ನೋಯುವ ಕಾಲುಗಳನ್ನು ಒತ್ತಿ ಕೊಡುತ್ತಿದ್ದರು. ಔಷಧಿ, ಪಥ್ಯಗಳ ಹೊಣೆ ಸವಿತಾ ಅವರದು. ಸಂದರ್ಶಕರನ್ನು ತಡೆಯುವ ಅಪ್ರಿಯ ಕೆಲಸವೂ ಅವರ ಪಾಲಿಗೇ ಬಂತು.

1956ರ ಮೇ 24ರಂದು ಮುಂಬಯಿಯ ನರೇ ಪಾರ್ಕಿನಲ್ಲಿ ನಡೆದ ಸಭೆಯಲ್ಲಿ ಅಕ್ಟೋಬರ್‌ನಲ್ಲಿ ಬೌದ್ಧಧರ್ಮ ಸ್ವೀಕರಿಸುವುದಾಗಿ ಅವರು ಘೋಷಿಸಿದರು. ಅಕ್ಟೋಬರ್ 14ರಂದು ನಾಗಪುರದಲ್ಲಿ ಸವಿತಾ ಅವರೊಡನೆ ದೀಕ್ಷೆ ಪಡೆದು, ನೆರೆದಿದ್ದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆಯಿತ್ತರು. ನವೆಂಬರ್‌ನಲ್ಲಿ ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿ, ಬರುವ ದಾರಿಯಲ್ಲಿ ಸಾರನಾಥ, ಕುಶಿನಗರಗಳನ್ನು ಕಂಡು ತಿಂಗಳ ಕೊನೆಗೆ ದೆಹಲಿಗೆ ಮರಳಿದರು. ಡಿಸೆಂಬರ್ 16ರಂದು ಮುಂಬಯಿಯಲ್ಲಿ ಇನ್ನೊಂದು ದೀಕ್ಷಾ ಸಮಾರಂಭ ನಿಶ್ಚಯವಾಗಿತ್ತು. ಡಿಸೆಂಬರ್ 5ರ ರಾತ್ರಿ ಗ್ರಂಥದ ಮುನ್ನುಡಿಯ ಬೆರಳಚ್ಚು ಪ್ರತಿಯನ್ನು ಹಾಸಿಗೆಯ ಬಳಿ ತರಿಸಿಕೊಂಡು ಮಲಗಿದವರು ಮರುದಿನ ಬೆಳಗ್ಗೆ ಏಳಲಿಲ್ಲ. ಪಾರ್ಥಿವ ಶರೀರವನ್ನು ಮುಂಬಯಿಗೆ ತರಲಾಯಿತು. 7ರಂದು ದಾದರಿನ ಕಡಲ ದಂಡೆಯಲ್ಲಿ ಅಂತ್ಯಸಂಸ್ಕಾರ ನಡೆಯಿತು. ಹದಿನಾರರಂದು ದೀಕ್ಷೆ ಪಡೆಯಬೇಕಾಗಿದ್ದ ಜನರಲ್ಲಿ ಅಸಂಖ್ಯರು ಅಲ್ಲಿಯೇ, ಚಿತೆಯ ಎದುರಿನಲ್ಲಿಯೇ, ಭಿಕ್ಷು ಆನಂದ ಕೌಸಲ್ಯಾಯನರಿಂದ ದೀಕ್ಷೆ ಪಡೆದರು.

7

ನೆರವು ಪಡೆದು ಬದುಕಿದವರ ಕಥೆಯಲ್ಲಿ ನೆರವು ಕೊಟ್ಟವರ ಕಥೆಯೂ ಇರುತ್ತದೆ. ಅದು ಸಾಮಾನ್ಯವಾಗಿ ಬರೆಯಲ್ಪಡುವುದಿಲ್ಲ, ಬರೆಯಲ್ಪಟ್ಟರೂ ಉಳಿಯುವುದಿಲ್ಲ. ಅಂಬೇಡ್ಕರ್ ಅವರು ತೀರಿದ ಮೇಲೆ ದುಃಖತಪ್ತರಾದ ಅನುಯಾಯಿಗಳಲ್ಲಿ ಕೆಲವರು ಸವಿತಾ ಅವರನ್ನೇ ಸಂಶಯದಿಂದ ನೋಡಿದರು. ಸರ್ಕಾರದ ವಿಚಾರಣೆ ಅದನ್ನು ಸ್ವಾಭಾವಿಕ ಮರಣವೆಂದೇ ತೀರ್ಮಾನಿಸಿತು. ಆದರೂ ಸವಿತಾ ಅವರು ಅನೇಕ ವರ್ಷ ಸಾರ್ವಜನಿಕ ಜೀವನದಿಂದ ದೂರವಿರಬೇಕಾಯಿತು. 1990ರಲ್ಲಿ ಮರಾಠಿಯಲ್ಲಿ ಅವರ ಸ್ಮೃತಿಗ್ರಂಥ ಹೊರಬಂತು. 2003ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ಬುದ್ಧಗ್ರಂಥಕ್ಕೆ ಅಂಬೇಡ್ಕರ್ ಅವರು ಸಿದ್ಧಪಡಿಸಿದ್ದ ಆ ಮುನ್ನುಡಿಯಲ್ಲಿ ತಮ್ಮ ಕಾಯಿಲೆಯ ಏರಿಳಿತಗಳನ್ನು ಅವರು ಹೇಳಿಕೊಂಡಿದ್ದರು. ಬರವಣಿಗೆ ಮುಗಿಯುವವರೆಗೆ ತಮ್ಮನ್ನು ಉಳಿಸಿದವರು ಪತ್ನಿ ಮತ್ತು ಡಾ. ಮಾಳವಣಕರರೆಂದು ಇಬ್ಬರಿಗೂ ಕೃತಜ್ಞತೆ ಸಲ್ಲಿಸಿದ್ದರು. 1957ರಲ್ಲಿ ಗ್ರಂಥ ಅಚ್ಚಾಗಿ ಬಂದಾಗ ಅದರಲ್ಲಿ ಈ ಮುನ್ನುಡಿ ಇರಲಿಲ್ಲ. ಅದು ಪ್ರಕಟವಾಗಿ ಓದುಗರಿಗೆ ಸಿಕ್ಕಿದ್ದು ಸುಮಾರು ಕಾಲು ಶತಮಾನದ ನಂತರ. ಪಠ್ಯಗಳನ್ನು ಸಂಪಾದಿಸುವ, ಪಾಠಾಂತರಗಳನ್ನು ಹುಡುಕುವ ನಮ್ಮಂಥವರಿಗೆ ಇದರಲ್ಲೊಂದು ಪಾಠವಿದೆ. ಬಿಟ್ಟುಹೋದದ್ದು ತತ್ತ್ವವಲ್ಲ, ವಾದವಲ್ಲ; ಒಂದು ದೇಹ ಕಷ್ಟದಲ್ಲಿತ್ತು, ಅದಕ್ಕೆ ಇಬ್ಬರು ಆಸರೆಯಾದರು ಎಂಬ ಸರಳ ಸಂಗತಿ.

ನಾಯಕನ ಘನತೆಗೆ ಅದು ಕುಂದೆಂದು ಯಾರಿಗಾದರೂ ತೋರಿದ್ದಿರಬಹುದು. ಸ್ವತಃ ಅಂಬೇಡ್ಕರ್ ಅವರಿಗೆ ಹಾಗೆ ತೋರಿರಲಿಲ್ಲ. ನೀರಿಗಾಗಿ, ಗಾಡಿಗಾಗಿ ಇನ್ನೊಬ್ಬರ ದಯೆಗೆ ಕಾಯುವಂತೆ ಮಾಡಿದ ವ್ಯವಸ್ಥೆಯನ್ನು ಅವರು ಅವಮಾನವೆಂದು ಕರೆದು ಜೀವಮಾನವಿಡೀ ಎದುರಿಸಿದರು. ಔಷಧಿಗಾಗಿ, ಹೆಜ್ಜೆಗಾಗಿ ಇನ್ನೊಬ್ಬರ ಕೈ ಹಿಡಿದದ್ದನ್ನು ಋಣವೆಂದು ಕರೆದು ಮುನ್ನುಡಿಯಲ್ಲಿ ಬರೆದಿಟ್ಟರು. ಅವಮಾನಕ್ಕೂ ಋಣಕ್ಕೂ ಇರುವ ಈ ಅಂತರ ತಿಳಿದವರಿಗೆ ಅವರ ನಡುವಯಸ್ಸಿನ ವರ್ಷಗಳು ಕೇವಲ ಸಾಧನೆಯ ಪಟ್ಟಿಯಾಗಿ ಕಾಣಲಾರವು.